ಉತ್ತರ ಗೊತ್ತಿರುವ ರೋಗಿ

ಬಟ್ಟೆ ಅಂಗಡಿಯ ಮೀಟರ್ ಕೋಲಿನ ಮೇಲೆ ಸರಕಾರದ ಮುದ್ರೆ ಇರುತ್ತದೆ. ಕಿರಾಣಿ ಅಂಗಡಿಯ ತೂಕದ ಬಟ್ಟುಗಳ ಮೇಲೂ ಇರುತ್ತದೆ. ಅಳತೆ ಮತ್ತು ತೂಕದ ಇಲಾಖೆಯವರು ತಮ್ಮ ಬಳಿಯ ಪ್ರಮಾಣದ ಬಟ್ಟಿನೊಂದಿಗೆ ಹೋಲಿಸಿ ನೋಡಿ, ಸರಿಯಿದ್ದರೆ ಮುದ್ರೆ ಒತ್ತಬೇಕೆಂಬುದು ಕಾನೂನು. ಒಂದು ಕಿಲೊ ತೊಗರಿಬೇಳೆಯಲ್ಲಿ ಹತ್ತು ಗ್ರಾಂ ಕಡಿಮೆ ಬಂದರೆ ಗಿರಾಕಿ ಜಗಳಕ್ಕೇ ನಿಲ್ಲುತ್ತಾನೆ. ಅದೇ ಗಿರಾಕಿ ಮಾರನೆಯ ದಿನ ಬಸುರಿ ಮಗಳನ್ನು ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋಗುತ್ತಾನೆ. ಮಗುವಿನ ತಲೆಯ ಅಗಲ 85 ಮಿಲಿಮೀಟರ್, ತೊಡೆಯ ಮೂಳೆಯ ಉದ್ದ 65 ಮಿಲಿಮೀಟರ್ ಎಂದು ಅಲ್ಲಿ ಬರೆದುಕೊಟ್ಟ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಬರುತ್ತಾನೆ. ಮಗುವಿಗೆ ಎಷ್ಟು ವಾರ ತುಂಬಿತು, ಸರಿಯಾಗಿ ಬೆಳೆಯುತ್ತಿದೆಯೆ, ಹೆರಿಗೆ ಎಂದು ಆಗಬಹುದು ಎಂಬ ಲೆಕ್ಕವೆಲ್ಲ ನಿಂತಿರುವುದು ಆ ಮಿಲಿಮೀಟರುಗಳ ಮೇಲೆ. ಆದರೆ ಆ ಅಳತೆಗೋಲಿಗೆ ಮುದ್ರೆ ಒತ್ತಿದವರು ಯಾರು ಎಂದು ಅವನು ಕೇಳುವುದಿಲ್ಲ. ಕೇಳಬೇಕೆಂದು ಅವನಿಗೆ ತೋಚುವುದೂ ಇಲ್ಲ.

ನಿಜ ಹೇಳಬೇಕೆಂದರೆ ಸ್ಕ್ಯಾನರಿನೊಳಗೆ ಅಳತೆಗೋಲು ಇಲ್ಲವೇ ಇಲ್ಲ. ಇರುವುದು ಒಂದು ಗಡಿಯಾರ. ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ಇದೆಯಲ್ಲ, ಅದು ಕಿವಿಗೆ ಕೇಳಿಸದಷ್ಟು ಕೀಚಲಾದ ಧ್ವನಿಯ ಚಿಕ್ಕ ತುಣುಕೊಂದನ್ನು ಒಳಕ್ಕೆ ಕಳಿಸಿ, ಮಾರ್ದನಿಗಾಗಿ ಕಾಯುತ್ತದೆ. ಬಾವಿಗೆ ಬಗ್ಗಿ ಕೂ ಎಂದ ಹುಡುಗ ಕಾಯುವ ಹಾಗೆ. ಮಾರ್ದನಿ ಬಂದದ್ದು 13 ಮೈಕ್ರೊಸೆಕೆಂಡಿಗೋ, ಅದು ಹೊರಟ ಜಾಗ ಒಂದು ಸೆಂಟಿಮೀಟರ್ ಆಳದಲ್ಲಿದೆ. 130 ಮೈಕ್ರೊಸೆಕೆಂಡಿಗೋ, ಹತ್ತು ಸೆಂಟಿಮೀಟರ್ ಆಳದಲ್ಲಿದೆ. ಈ ಲೆಕ್ಕಕ್ಕೆ ಧ್ವನಿಯ ವೇಗ ಗೊತ್ತಿರಬೇಕು. ಯಂತ್ರಕ್ಕೆ ಅದು ಗೊತ್ತಿಲ್ಲ, ಅದು ನಂಬಿಕೊಂಡಿದೆ. ಸೆಕೆಂಡಿಗೆ 1540 ಮೀಟರ್ ಎಂದು ಅದನ್ನು ಕಟ್ಟಿದವರು ಒಳಗೆ ಬರೆದಿಟ್ಟಿದ್ದಾರೆ. ಮೃದುವಾದ ಅಂಗಾಂಶಗಳ ಸರಾಸರಿ ಅದು. ಕೊಬ್ಬಿನಲ್ಲಿ ಧ್ವನಿ 1450ರ ಆಸುಪಾಸಿನಲ್ಲಿ ತೆವಳುತ್ತದೆ, ಸ್ನಾಯುವಿನಲ್ಲಿ, ಯಕೃತ್ತಿನಲ್ಲಿ 1540ಕ್ಕಿಂತ ತುಸು ಜೋರಾಗಿ ಹೋಗುತ್ತದೆ, ಮೂಳೆಯಲ್ಲಿ ಅದರ ಎರಡು ಪಟ್ಟನ್ನೂ ಮೀರುತ್ತದೆ. ಯಂತ್ರ ಮಾತ್ರ ಎಲ್ಲಕ್ಕೂ ಒಂದೇ ಸಂಖ್ಯೆ ಹಿಡಿದು ಚಿತ್ರ ಬಿಡಿಸುತ್ತದೆ.

ಅದು ಬಿಡಿಸಿದ ಚಿತ್ರ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ಶಾಲೆಯಲ್ಲಾದರೆ ಪ್ರಶ್ನೆಪತ್ರಿಕೆ ತಯಾರಿಸಿದವರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ. ರೋಗಿ ಅಂಥ ಪ್ರಶ್ನೆಪತ್ರಿಕೆಯಲ್ಲ. ತನ್ನೊಳಗೆ ಏನಿದೆಯೆಂದು ಗೊತ್ತಿಲ್ಲವೆಂದೇ ಅವನು ಬಂದಿರುತ್ತಾನೆ. ಉತ್ತರ ತಾಳೆ ನೋಡಲು ಪ್ರತಿಯೊಬ್ಬನನ್ನೂ ಕೊಯ್ದು ನೋಡಲಾಗುವುದಿಲ್ಲ. ಆದ್ದರಿಂದ ಒಳಗೆ ಎಲ್ಲಿ ಏನಿದೆಯೆಂದು ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಿರುವ ಒಬ್ಬ ರೋಗಿಯನ್ನು ತಯಾರಿಸಬೇಕಾಯಿತು. ಅವನು ಜೆಲ್ಲಿಯ ರೋಗಿ. ಆಸ್ಪತ್ರೆಯ ಭಾಷೆಯಲ್ಲಿ ಅವನ ಹೆಸರು ಫ್ಯಾಂಟಮ್.

ಫ್ಯಾಂಟಮ್ ಎಂದರೆ ಇಂಗ್ಲಿಷಿನಲ್ಲಿ ಭೂತ, ಇದ್ದಂತೆ ತೋರಿ ಇಲ್ಲದಿರುವುದು. ಕಾಡಿನಲ್ಲಿ ಮುಖವಾಡ ಹಾಕಿಕೊಂಡು ಓಡಾಡುವ ಚಿತ್ರಕಥೆಯ ವೀರ ನೆನಪಾದರೆ ಓದುಗರ ತಪ್ಪಲ್ಲ. ವೈದ್ಯರಿಗೆ ಈ ಮಾತು ಹಳೆಯದು, ಹೆರಿಗೆ ಕಲಿಸಲು ಬಳಸುವ ಬೊಂಬೆಯನ್ನು ಮೊದಲಿನಿಂದಲೂ ಹಾಗೆಯೇ ಕರೆಯುತ್ತಿದ್ದರು. 18ನೆಯ ಶತಮಾನದ ಫ್ರಾನ್ಸಿನಲ್ಲಿ ಮದಾಂ ದು ಕುದ್ರೆ ಎಂಬ ಸೂಲಗಿತ್ತಿ ಬಟ್ಟೆ, ಚರ್ಮಗಳಿಂದ ಹೊಲಿದು ಹತ್ತಿ ತುಂಬಿದ ಗರ್ಭದ ಬೊಂಬೆಯನ್ನು ಹೊತ್ತು ಊರೂರು ಸುತ್ತಿ, ಸಾವಿರಾರು ಹಳ್ಳಿ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಆ ಬೊಂಬೆ ಕೈಗೆ ದೇಹದಂತೆ ತಾಗಿದರೆ ಸಾಕಿತ್ತು. ಸ್ಕ್ಯಾನರಿನ ಬೊಂಬೆಗೆ ಕೈಕಾಲು, ರೂಪ, ಬಣ್ಣ ಯಾವುದೂ ಬೇಕಿಲ್ಲ. ಅದು ಧ್ವನಿಗೆ ದೇಹದಂತೆ ತೋರಿದರೆ ಸಾಕು. ಹೊಲದ ಬೆದರುಬೊಂಬೆ ಕಾಗೆಯ ಕಣ್ಣಿಗೆ ಮನುಷ್ಯ, ನಾಯಿಯ ಮೂಗಿಗೆ ಬರೀ ಹಳೆ ಅಂಗಿ. ಯಾರನ್ನು ನಂಬಿಸಬೇಕೋ ಅವರ ಇಂದ್ರಿಯ ನೋಡಿಕೊಂಡು ಬೊಂಬೆ ಕಟ್ಟಬೇಕು.

ಅಷ್ಟಕ್ಕೆ ಜೆಲ್ಲಿ ಯಾಕೆ, ಒಂದು ತೊಟ್ಟಿಯಲ್ಲಿ ನೀರು ತುಂಬಿ, ಅಳೆದ ಆಳದಲ್ಲಿ ಒಂದೆರಡು ದಾರ ಕಟ್ಟಿ ನೋಡಿದರಾಗದೆ ಎಂದು ಯಾರಾದರೂ ಕೇಳಬಹುದು. ಮೊದಮೊದಲು ಹಾಗೆಯೇ ಮಾಡುತ್ತಿದ್ದರು. ಅದರಲ್ಲಿ ಎರಡು ತೊಡಕುಗಳಿವೆ. 20 ಡಿಗ್ರಿ ಉಷ್ಣತೆಯ ನೀರಿನಲ್ಲಿ ಧ್ವನಿಯ ವೇಗ 1480 ಮೀಟರಿನಷ್ಟು. 1540 ಎಂದು ನಂಬಿ ಕುಳಿತ ಯಂತ್ರ, ಹತ್ತು ಸೆಂಟಿಮೀಟರ್ ಆಳದ ದಾರವನ್ನು 10.4 ಸೆಂಟಿಮೀಟರಿನಲ್ಲಿದೆ ಎಂದು ತೋರಿಸುತ್ತದೆ. ಯಂತ್ರ ಸರಿಯಾಗಿದ್ದರೂ ಉತ್ತರ ತಪ್ಪು! ಇದನ್ನಾದರೂ ಲೆಕ್ಕ ಹಾಕಿ ಸರಿಪಡಿಸಬಹುದು. ಎರಡನೆಯದು ಅಷ್ಟು ಸುಲಭವಲ್ಲ. ನೀರು ಧ್ವನಿಗೆ ತೀರ ಪಾರದರ್ಶಕ. ದೇಹ ಹಾಗಲ್ಲ. ಸೆಕೆಂಡಿಗೆ 50 ಲಕ್ಷ ಸಲ ಕಂಪಿಸುವ ಧ್ವನಿಯನ್ನು, ಅಂದರೆ 5 ಮೆಗಾಹರ್ಟ್ಸ್‌ನ ಧ್ವನಿಯನ್ನು, ಅಂಗಾಂಶದ ಪ್ರತಿ ಸೆಂಟಿಮೀಟರೂ ಎರಡೂವರೆ ಡೆಸಿಬೆಲ್‌ನಷ್ಟು ಸೊರಗಿಸುತ್ತದೆ. ಹತ್ತು ಸೆಂಟಿಮೀಟರ್ ಹೋಗಿ ಮತ್ತೆ ಹತ್ತು ಸೆಂಟಿಮೀಟರ್ ಬರುವಷ್ಟರಲ್ಲಿ 50 ಡೆಸಿಬೆಲ್ ಕಳೆದುಹೋಗುತ್ತದೆ. ಡೆಸಿಬೆಲ್ ಲೆಕ್ಕ ಮರೆತವರಿಗೆ ಇದೇ ಮಾತನ್ನು ಹೀಗೆ ಹೇಳಬಹುದು: ಲಕ್ಷ ರೂಪಾಯಿ ಹಿಡಿದು ಸಂತೆಗೆ ಹೋದವನು ಒಂದು ರೂಪಾಯಿಯೊಂದಿಗೆ ಮನೆಗೆ ಬಂದಂತೆ. ಆ ಒಂದು ರೂಪಾಯಿಯ ಸದ್ದನ್ನು ಕೇಳಿಸಿಕೊಳ್ಳಲು ಯಂತ್ರ ಆಳದ ಮಾರ್ದನಿಗಳನ್ನು ಹೆಚ್ಚು ಹೆಚ್ಚಾಗಿ ಹಿಗ್ಗಿಸಿಕೊಳ್ಳುತ್ತದೆ. ನೀರಿನ ತೊಟ್ಟಿಯಲ್ಲಿ ಈ ಶ್ರಮಕ್ಕೆ ಪರೀಕ್ಷೆಯೇ ಇಲ್ಲ. ಪಹಿಲ್ವಾನನನ್ನು ಬರಿಗೈಯಲ್ಲಿ ನಡೆಸಿ ಬಲ ಅಳೆದ ಹಾಗೆ. ಇನ್ನೊಂದು ಸಂಗತಿಯೂ ಇದೆ. ಯಕೃತ್ತಿನ ಚಿತ್ರದಲ್ಲಿ ಪರದೆಯ ತುಂಬ ರವೆ ಹರಡಿದಂತೆ ಬೂದು ಚುಕ್ಕಿಗಳಿರುತ್ತವೆ. ಅಂಗಾಂಶದೊಳಗಿನ ಅತಿ ಸಣ್ಣ ಏರುಪೇರುಗಳು ಧ್ವನಿಯನ್ನು ಚದುರಿಸುವುದರಿಂದ ಆಗುವ ಚುಕ್ಕಿಗಳು ಅವು. ನೀರಿನ ಚಿತ್ರ ಬರೀ ಕಪ್ಪು.

ಆದ್ದರಿಂದ ಬೇಕಾದದ್ದು ಮೂರು ಗುಣ ಒಟ್ಟಿಗಿರುವ ವಸ್ತು. ವೇಗ 1540 ಇರಬೇಕು, ಸೊರಗಿಸುವುದು ದೇಹದಷ್ಟೇ ಇರಬೇಕು, ಚದುರಿಸುವುದೂ ದೇಹದ ಹಾಗೆಯೇ ಇರಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅರ್ನೆಸ್ಟ್ ಮ್ಯಾಡ್ಸನ್, ಜೇಮ್ಸ್ ಜಾಗ್ಜೆಬ್ಸ್ಕಿ ಮತ್ತು ಅವರ ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪಾಕವಿಧಾನ ಇವತ್ತಿಗೂ ಈ ವಿದ್ಯೆಯ ತಾಯಿಬೇರು. ಅದರಲ್ಲಿದ್ದ ಸಾಮಾನುಗಳು ಯಾವ ಹೈಸ್ಕೂಲಿನ ಪ್ರಯೋಗಶಾಲೆಯನ್ನೂ ಹೆದರಿಸುವಂಥವಲ್ಲ. ನೀರು, ಜೆಲಾಟಿನ್, ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಪುಡಿ, ಪ್ರೊಪೈಲ್ ಆಲ್ಕೊಹಾಲ್, ಬೂಷ್ಟು ಹಿಡಿಯದಂತೆ ಒಂದು ಸಂರಕ್ಷಕ.

ಇದರ ಸೊಗಸು ಇರುವುದು ಸಾಮಾನಿನಲ್ಲಲ್ಲ, ಕೆಲಸದ ಹಂಚಿಕೆಯಲ್ಲಿ. ಜೆಲಾಟಿನ್ನಿನ ಕೆಲಸ ಎಲ್ಲವನ್ನೂ ಇದ್ದಲ್ಲಿಯೇ ಹಿಡಿದಿಡುವುದು. ಗ್ರಾಫೈಟ್ ಪುಡಿ ಧ್ವನಿಯನ್ನು ಸೊರಗಿಸುತ್ತದೆ, ಚದುರಿಸುತ್ತದೆ, ಪುಡಿ ಹೆಚ್ಚಾದಷ್ಟೂ ಹೆಚ್ಚು. ಆಲ್ಕೊಹಾಲಿನ ಕೆಲಸ ವೇಗವನ್ನು ಏರಿಸುವುದು. ಇಲ್ಲೊಂದು ತಮಾಷೆಯಿದೆ. ಬರೀ ಆಲ್ಕೊಹಾಲಿನಲ್ಲಿ ಧ್ವನಿ ನೀರಿಗಿಂತ ನಿಧಾನ. ನಿಧಾನದ ದ್ರವವನ್ನು ಬೆರೆಸಿದರೆ ವೇಗ ಇಳಿಯಬೇಕಲ್ಲವೆ? ಆದರೆ ನೀರಿಗೆ ಸ್ವಲ್ಪ ಆಲ್ಕೊಹಾಲ್ ಬೆರೆಸಿದಾಗ ಎರಡರ ಅಣುಗಳೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು, ಮಿಶ್ರಣ ಅದುಮಲು ಕಷ್ಟವಾಗಿ, ಧ್ವನಿ ಎರಡಕ್ಕಿಂತಲೂ ಬೇಗ ಓಡುತ್ತದೆ. ಅಂತೂ ಮೂರು ಗುಣಕ್ಕೆ ಬೇರೆ ಬೇರೆ ತಿರುಪುಗಳು ಸಿಕ್ಕವು. ಒಂದನ್ನು ತಿರುಗಿಸಿದರೆ ಇನ್ನೊಂದು ಅಷ್ಟಾಗಿ ಕದಲುವುದಿಲ್ಲ. ಯಕೃತ್ತು ಬೇಕೆ, ಸ್ತನದ ಅಂಗಾಂಶ ಬೇಕೆ, ಅಳತೆ ಬದಲಿಸಿದರಾಯಿತು.

ಜೆಲಾಟಿನ್ ಎಂದರೆ ದನ, ಹಂದಿಗಳ ಚರ್ಮ ಮತ್ತು ಮೂಳೆಯಿಂದ ತೆಗೆದದ್ದು. ಅದರ ದೊಡ್ಡ ದೋಷ ಬಿಸಿಲಿಗೆ ಕರಗುವುದು. 30 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗತೊಡಗುತ್ತದೆ. ವಿಸ್ಕಾನ್ಸಿನ್ನಿನ ಚಳಿಯಲ್ಲಿ ಇದು ಚಿಂತೆಯ ಮಾತಲ್ಲದಿರಬಹುದು. ರಾಯಚೂರಿನ ಮೇ ತಿಂಗಳಲ್ಲಿ ಅಂಥ ಫ್ಯಾಂಟಮ್ಮನ್ನು ಮೇಜಿನ ಮೇಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಪಾಯಸವಾಗುತ್ತದೆ. ಅದಕ್ಕೆ ಫಾರ್ಮಾಲಿನ್ ಸೇರಿಸಿ, ಚರ್ಮ ಹದ ಮಾಡುವಾಗ ಆಗುವಂತೆ ಎಳೆಎಳೆಗೂ ಗಂಟು ಬೀಳುವ ಹಾಗೆ ಮಾಡಿದರೆ ಮತ್ತೆ ಕರಗುವುದಿಲ್ಲ. ಇನ್ನೊಂದು ದಾರಿ ಅಗರ್. 1980ರಲ್ಲಿ ಅದೇ ವಿಸ್ಕಾನ್ಸಿನ್ ತಂಡ ಅಗರ್ ಬಳಸಿದ ಪಾಕವನ್ನೂ ಪ್ರಕಟಿಸಿತು.

ಅಗರ್ ಎಂದರೆ ಅಡುಗೆಮನೆಯ ಚೈನಾ ಗ್ರಾಸ್. ಕಡಲ ಪಾಚಿಯಿಂದ ತೆಗೆಯುವ ಇದರ ಕಚ್ಚಾ ಪಾಚಿ ತಮಿಳುನಾಡಿನ ರಾಮೇಶ್ವರ, ಮಂಡಪಂ ಕರಾವಳಿಯಲ್ಲೂ ಸಿಗುತ್ತದೆ. ಪುಡಿಂಗ್ ಮಾಡುವ ಗೃಹಿಣಿಯರಿಗೆ ಇದರ ವಿಚಿತ್ರ ಸ್ವಭಾವ ಗೊತ್ತು. ಕರಗಬೇಕಾದರೆ ನೀರು ಹೆಚ್ಚುಕಡಿಮೆ ಕುದಿಯಬೇಕು, ಹೆಪ್ಪುಗಟ್ಟುವುದು ಮಾತ್ರ 40 ಡಿಗ್ರಿಗಿಂತ ಕೆಳಗೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲು 85 ಡಿಗ್ರಿಯಾದರೂ ಬೇಕು. ರಾಯಚೂರಿನ ಬಿಸಿಲು ಎಷ್ಟು ಖಾರವಾದರೂ ಅಷ್ಟು ಏರುವುದಿಲ್ಲ. ಈ ಗುಣವನ್ನು ಪ್ರಯೋಗಶಾಲೆಗೆ ತಂದುಕೊಟ್ಟವಳೂ ಅಡುಗೆ ಬಲ್ಲ ಒಬ್ಬ ಹೆಂಗಸೇ. 1881ರ ಸುಮಾರಿಗೆ ರೋಗಾಣುಗಳನ್ನು ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಕರಗಿಹೋಗುತ್ತದೆಂದು ಗಂಡ ಗೊಣಗಿದಾಗ, ಅಗರ್ ಹಾಕಿ ನೋಡಿ ಎಂದವಳು ಫ್ಯಾನಿ ಹೆಸ್ಸೆ. ಆಕೆಯ ಗಂಡ ಕೆಲಸ ಮಾಡುತ್ತಿದ್ದದ್ದು ರಾಬರ್ಟ್ ಕಾಖ್‌ನ ಪ್ರಯೋಗಶಾಲೆಯಲ್ಲಿ. ನೂರು ವರ್ಷದ ನಂತರ ಅದೇ ದೂರು, ಅದೇ ಪರಿಹಾರ!

ಯುರೋಪಿನಲ್ಲಿ ಒಂದೇ ಪಾಕವಿಧಾನವನ್ನು ಹಲವು ಪ್ರಯೋಗಶಾಲೆಗಳಿಗೆ ಕೊಟ್ಟು, ಅಲ್ಲಿ ತಯಾರಾದ ಐದು ಫ್ಯಾಂಟಮ್‌ಗಳನ್ನು ಹೋಲಿಸಿ ನೋಡಿದ ಕೆಲಸವೊಂದು 1998ರಲ್ಲಿ ಪ್ರಕಟವಾಯಿತು. ರಕ್ತದ ಹರಿವನ್ನು ಅಳೆಯುವ ಯಂತ್ರಗಳ ಪರೀಕ್ಷೆಗೆಂದು ಮಾಡಿದ್ದು ಅದು. ಅದರ ಅಳತೆ ನೂರು ಗ್ರಾಂಗೆ ಸುಮಾರಾಗಿ ಹೀಗೆ: ನೀರು 83, ಗ್ಲಿಸರಿನ್ 11, ಅಗರ್ 3, ಅಲ್ಯುಮಿನಿಯಂ ಆಕ್ಸೈಡ್ ಪುಡಿ ಎರಡಕ್ಕೆ ತುಸು ಕಡಿಮೆ, ಸಿಲಿಕಾನ್ ಕಾರ್ಬೈಡ್ ಪುಡಿ ಅರ್ಧ, ಕೆಡದಂತೆ ಬೆಂಜಾಲ್ಕೋನಿಯಂ ಕ್ಲೋರೈಡ್ ಇನ್ನರ್ಧ. ಇಲ್ಲಿ ಆಲ್ಕೊಹಾಲಿನ ಕೆಲಸವನ್ನು ಗ್ಲಿಸರಿನ್ ಮಾಡುತ್ತದೆ, ಗ್ರಾಫೈಟಿನ ಕೆಲಸವನ್ನು ಸಾಣೆಕಲ್ಲಿನ ಪುಡಿಗಳು ಮಾಡುತ್ತವೆ. ಅಲ್ಯುಮಿನಿಯಂ ಆಕ್ಸೈಡನ್ನು ಎರಡು ಗಾತ್ರದಲ್ಲಿ ಹಾಕಬೇಕು, 3 ಮೈಕ್ರಾನಿನದು ಒಂದು, 0.3 ಮೈಕ್ರಾನಿನದು ಇನ್ನೊಂದು.

ಸಾಮಾನು ಬರೆದುಕೊಟ್ಟರೆ ಅಡುಗೆ ಬಂದೀತೆ? ಮೈಸೂರುಪಾಕಿಗೂ ಮೂರೇ ಸಾಮಾನು. ಈ ಅಡುಗೆಯ ಹದ ಕೆಡಿಸುವುದು ಗಾಳಿಗುಳ್ಳೆ. ಇಡ್ಲಿಹಿಟ್ಟು ಉಬ್ಬಿ ಗುಳ್ಳೆ ತುಂಬಿಕೊಂಡರೆ ಮನೆಯಾಕೆಗೆ ಸಂತೋಷ. ಫ್ಯಾಂಟಮ್ ಮಾಡುವವನಿಗೆ ಅದೇ ಶನಿ. ಧ್ವನಿ ಗಾಳಿಯ ಎದುರು ಬಂದರೆ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಪುಟಿಯುತ್ತದೆ. ಸಾಸಿವೆಗಿಂತ ಸಣ್ಣ ಗುಳ್ಳೆ ಪರದೆಯ ಮೇಲೆ ಹೊಳೆಯುವ ಕಲ್ಲಿನಂತೆ ಕಾಣುತ್ತದೆ, ಅದರ ಹಿಂದಿನದೆಲ್ಲ ನೆರಳಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಪಾಕವನ್ನು ನಿರ್ವಾತದಲ್ಲಿಟ್ಟು ಗುಳ್ಳೆಗಳನ್ನು ಹೊರಗೆಳೆಯುತ್ತಾರೆ, ಕಲಕುವಾಗ ನೊರೆ ಏಳದಂತೆ ನಿಧಾನವಾಗಿ ಕಲಕುತ್ತಾರೆ, ಅಚ್ಚಿನ ಗೋಡೆಗುಂಟ ಮೆಲ್ಲಗೆ ಸುರಿಯುತ್ತಾರೆ. ಎರಡನೆಯ ಕಷ್ಟ ಪುಡಿ ತಳ ಹಿಡಿಯುವುದು. ಬಿಸಿಯಿದ್ದಾಗಲೇ ಅಚ್ಚಿಗೆ ಹೊಯ್ದು ಬಿಟ್ಟರೆ ಗಟ್ಟಿಯಾಗುವಷ್ಟರಲ್ಲಿ ಪುಡಿಯೆಲ್ಲ ಕೆಳಗೆ ಕೂತಿರುತ್ತದೆ. ಹೆಪ್ಪುಗಟ್ಟುವ ಅಂಚಿನವರೆಗೂ, ಸುಮಾರು 42 ಡಿಗ್ರಿವರೆಗೂ, ಕಲಕುತ್ತ ಆರಿಸಿ ಆಮೇಲೆ ಸುರಿಯಬೇಕು. ಕೆಲವರು ಮುಚ್ಚಿದ ಅಚ್ಚನ್ನೇ ಗಟ್ಟಿಯಾಗುವವರೆಗೂ ನಿಧಾನವಾಗಿ ಉರುಳಿಸುತ್ತಿರುತ್ತಾರೆ. ಒಂದೆರಡು ಡಿಗ್ರಿ ತಡ ಮಾಡಿದರೆ ಪಾತ್ರೆಯಲ್ಲೇ ಗಡ್ಡೆ.

ಈಗ ಜೆಲ್ಲಿಯೊಳಗೆ 'ಉತ್ತರ' ಬಚ್ಚಿಡುವ ಕೆಲಸ. ಅಚ್ಚಿನ ಎರಡು ಗೋಡೆಗಳ ನಡುವೆ ಕೂದಲಿನಷ್ಟು ಸಪೂರಾದ, ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪದ ನೈಲಾನ್ ಎಳೆಗಳನ್ನು ಮೊದಲೇ ಬಿಗಿದಿರುತ್ತಾರೆ. ಒಂದು ಸಾಲು ನೇರ ಕೆಳಕ್ಕೆ, ಒಂದು ಸಾಲು ಅಡ್ಡಕ್ಕೆ, ಕೆಲವು ಒಂದರ ಪಕ್ಕ ಒಂದು ತೀರ ಹತ್ತಿರ. ಪರದೆಯ ಮೇಲೆ ಇವು ಬಿಳಿ ಚುಕ್ಕಿಗಳಾಗಿ ಕಾಣಬೇಕು. ಚುಕ್ಕಿಗಳ ನಡುವಿನ ದೂರ ತಾಳೆಯಾಯಿತೆ? ಹತ್ತಿರದ ಎರಡು ಎಳೆಗಳು ಎರಡಾಗಿಯೇ ಕಾಣುತ್ತವೆಯೆ, ಅಂಟಿಕೊಂಡು ಒಂದಾಗಿವೆಯೆ? ಎಷ್ಟು ಆಳದವರೆಗೆ ಚಿತ್ರ ಉಳಿದಿದೆ? ಇವಲ್ಲದೆ ಪುಡಿ ಬೆರೆಸದ ಜೆಲ್ಲಿಯ ಕಂಬಗಳನ್ನು ನಡುವೆ ಹುದುಗಿಸುತ್ತಾರೆ. ಅಲ್ಲಿ ಚದುರಿಸುವ ಕಣವಿಲ್ಲದ್ದರಿಂದ ಚಿತ್ರದಲ್ಲಿ ದುಂಡನೆಯ ಕಪ್ಪು ಕುಳಿ ಕಾಣುತ್ತದೆ. ಅದು ನೀರುಗುಳ್ಳೆಯ ವೇಷ. ಇಲ್ಲೂ ಒಂದು ನಾಜೂಕಿದೆ. ಕಂಬದ ಜೆಲ್ಲಿಯಲ್ಲೂ ಸುತ್ತಲಿನ ಜೆಲ್ಲಿಯಲ್ಲೂ ಆಲ್ಕೊಹಾಲಿನ ಪ್ರಮಾಣ ಒಂದೇ ಇರಬೇಕು. ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಬಣ್ಣ ಹಬ್ಬುವಂತೆ ಅದು ಒಂದರಿಂದ ಇನ್ನೊಂದಕ್ಕೆ ಹರಡಿಕೊಂಡು, ವಾರಗಳಲ್ಲಿ ಎಲ್ಲ ಲೆಕ್ಕವೂ ಕಲಸಿಹೋಗುತ್ತದೆ.

ಆ ಕಪ್ಪು ಕುಳಿಯ ಮೇಲೆ ಇಷ್ಟು ಆಸ್ಥೆ ಯಾಕೆಂದರೆ, ಸ್ತನದಲ್ಲೋ ಯಕೃತ್ತಿನಲ್ಲೋ ಗಂಟೊಂದು ಸಿಕ್ಕಾಗ ಮೊದಲು ಕೇಳುವ ಪ್ರಶ್ನೆ, ಅದು ಬರೀ ನೀರೋ, ಮಾಂಸದ ಗಡ್ಡೆಯೋ ಎಂಬುದು. ಬರೀ ನೀರಿನದಾದರೆ ಬಹುಪಾಲು ನಿರಪಾಯಕಾರಿ. ಗಡ್ಡೆಯಾದರೆ ಸೂಜಿ ಚುಚ್ಚಿ ಚೂರು ತೆಗೆದು ನೋಡಬೇಕಾಗಬಹುದು. ಪ್ರೋಬ್ ಹಾಳಾಗಿ ಚಿತ್ರ ಮಸುಕಾದರೆ ಕಪ್ಪು ಕುಳಿಯೊಳಗೆ ಬೂದು ತುಂಬಿಕೊಳ್ಳುತ್ತದೆ, ನೀರೂ ಮಾಂಸದಂತೆ ಕಾಣತೊಡಗುತ್ತದೆ. ಏನೂ ಇಲ್ಲದ ಹೆಂಗಸು ಒಂದು ವಾರ ನಿದ್ದೆಗೆಡುತ್ತಾಳೆ. ಇನ್ನೊಂದು ಬಗೆಯ ತಪ್ಪು ಇನ್ನೂ ಕೆಟ್ಟದ್ದು. ಚಿಕ್ಕದೊಂದು ಗಡ್ಡೆ ಮಸುಕಿನಲ್ಲಿ ಮುಚ್ಚಿಹೋಗಿ, ಎಲ್ಲ ಸರಿಯಿದೆ ಎಂಬ ಕಾಗದ ಮನೆಗೆ ಬರುತ್ತದೆ.

ಯಂತ್ರ ಒಂದೇ ದಿನ ಕೆಟ್ಟು ನಿಂತರೆ ಯಾರಿಗಾದರೂ ತಿಳಿಯುತ್ತದೆ. ಸ್ಕ್ಯಾನರ್ ಹಾಗೆ ಕೆಡುವುದು ಕಡಿಮೆ. ಪ್ರೋಬಿನ ಮೂತಿಯಲ್ಲಿ ನೂರಕ್ಕೂ ಹೆಚ್ಚು ಹರಳಿನ ತುಣುಕುಗಳು ಸಾಲಾಗಿರುತ್ತವೆ. ಕೈಜಾರಿ ಬಿದ್ದಾಗ ನಾಲ್ಕು ಹೋಗುತ್ತವೆ, ತಂತಿ ಸವೆದು ಇನ್ನೆರಡು ಹೋಗುತ್ತವೆ. ಚಿತ್ರ ದಿನದಿನಕ್ಕೆ ಎಳ್ಳಷ್ಟು ಮಂಕಾಗುತ್ತದೆ, ನೋಡುವವರ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಕೈ ತಾನಾಗಿ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತದೆ. ಚಾಳೀಸು ಬಂದವನಿಗೆ ಪತ್ರಿಕೆಯವರೇ ಅಕ್ಷರ ಚಿಕ್ಕದು ಮಾಡಿದ್ದಾರೆ ಎನಿಸುವಂತೆ. ಸ್ವೀಡನ್ನಿನ 32 ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಕೆಯಲ್ಲಿದ್ದ 676 ಪ್ರೋಬುಗಳನ್ನು ವಿದ್ಯುತ್ ಉಪಕರಣದಿಂದ ಪರೀಕ್ಷಿಸಿದ ವರದಿಯೊಂದು 2009ರಲ್ಲಿ ಪ್ರಕಟವಾಯಿತು. ನೂರಕ್ಕೆ ಹತ್ತಿರ ಹತ್ತಿರ 40ರಲ್ಲಿ ದೋಷವಿತ್ತು. ಅಚ್ಚುಕಟ್ಟಿಗೆ ಹೆಸರಾದ ದೇಶದ ಸ್ಥಿತಿ ಇದು.

ಭಾರತದಲ್ಲಿ ಎಕ್ಸ್-ರೇ ಮತ್ತು ಸಿ.ಟಿ. ಯಂತ್ರಗಳ ಮೇಲೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಣ್ಣಿದೆ, ಅವುಗಳ ಗುಣಮಟ್ಟವನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆಂಬ ನಿಯಮವಿದೆ. ಅವು ಅಪಾಯಕಾರಿ ಕಿರಣ ಸೂಸುತ್ತವೆ, ಅದಕ್ಕೆ. ಧ್ವನಿ ನಿರುಪದ್ರವಿಯಾದ್ದರಿಂದ ಅಲ್ಟ್ರಾಸೌಂಡ್ ಆ ಲೆಕ್ಕಕ್ಕೆ ಬರುವುದಿಲ್ಲ. ಅದರ ಮೇಲಿರುವುದು 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ. ಯಂತ್ರ ಎಲ್ಲಿದೆ, ಯಾರ ಹೆಸರಿನಲ್ಲಿದೆ, ಯಾರು ಯಾಕೆ ಬಳಸಿದರು ಎಂಬುದನ್ನೆಲ್ಲ ಅದು ಕೇಳುತ್ತದೆ. ಹೆಣ್ಣುಮಕ್ಕಳ ಸಂಖ್ಯೆ ಕುಸಿದ ದೇಶದಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಅವು. ಆದರೆ ಯಂತ್ರ ತೋರಿಸಿದ್ದು ಸರಿಯೇ ಎಂಬುದು ಆ ಕಾಯ್ದೆಯ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಸ್ತನದ ಎಕ್ಸ್-ರೇಗೆ 1992ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದರು. ಅದರ ಪ್ರಕಾರ ಫಿಲ್ಮಿನ ಕಾಲದಲ್ಲಿ ವಾರಕ್ಕೊಮ್ಮೆ ಅಕ್ರಿಲಿಕ್ಕಿನ ಫ್ಯಾಂಟಮ್ ಒಂದರ ಚಿತ್ರ ತೆಗೆಯಬೇಕಿತ್ತು. ಒಳಗಿನ ಮೇಣದ ಬಿಲ್ಲೆಯಲ್ಲಿ ಆರು ಎಳೆ, ಐದು ಗುಂಪು ಚುಕ್ಕಿ, ಐದು ಗಡ್ಡೆ ಇರುತ್ತಿದ್ದವು. ಕನಿಷ್ಠ ನಾಲ್ಕು ಎಳೆ, ಮೂರು ಚುಕ್ಕಿ ಗುಂಪು, ಮೂರು ಗಡ್ಡೆ ಕಾಣದಿದ್ದರೆ ಯಂತ್ರ ನಪಾಸು.

ಅಂಗಡಿಯಲ್ಲಿ ಸಿಗುವ ಫ್ಯಾಂಟಮ್‌ಗಳಿಗೆ ಬೆಲೆ ಜಾಸ್ತಿ, ಅದು ಎಲ್ಲ ಕಡೆಯ ಗೊಣಗು. ಅಮೆರಿಕದ ಬ್ಯೂಡ್ ಮತ್ತು ಆಡ್ಲರ್ ಎಂಬ ಇಬ್ಬರು ವೈದ್ಯರು 1995ರಲ್ಲಿ ಅಗ್ಗದ ದಾರಿಯೊಂದನ್ನು ಬರೆದರು. ಅಂಗಡಿಯ ಜೆಲಾಟಿನ್ನಿಗೆ, ಮಲಬದ್ಧತೆಗೆ ಕುಡಿಯುವ ಹೊಟ್ಟಿನ ಪುಡಿ ಬೆರೆಸಿದರೆ ಸಾಕು, ಪರದೆಯ ಮೇಲೆ ಯಕೃತ್ತಿನಂಥದೇ ಬೂದು ರವೆ! ಆ ಪುಡಿ ಬೇರೇನಲ್ಲ, ಇಸಬ್‌ಗೋಲ್. ಜಗತ್ತಿಗೆ ಅದನ್ನು ಒದಗಿಸುವುದರಲ್ಲಿ ಗುಜರಾತ್, ರಾಜಸ್ಥಾನಗಳದೇ ದೊಡ್ಡ ಪಾಲು. ಸೂಜಿ ಚುಚ್ಚುವುದನ್ನು ಕಲಿಯುವ ಕಿರಿಯ ವೈದ್ಯರಿಗೆ ಇಂಥ ಜೆಲ್ಲಿ ವರದಾನ. ಕೈ ನಡುಗುವುದೆಲ್ಲ ಜೆಲ್ಲಿಯ ಮೇಲೆ ನಡುಗಿ ಮುಗಿಯಲಿ, ಮೊದಲ ರೋಗಿಯ ಕುತ್ತಿಗೆಯ ಮೇಲೆ ಬೇಡ. ಆದರೆ ಇದನ್ನೇ ಅಳತೆಯ ಪರೀಕ್ಷೆಗೆ ಬಳಸುತ್ತೇವೆಂದರೆ ಒಪ್ಪುವ ಹಾಗಿಲ್ಲ. ನೋಡಲು ಯಕೃತ್ತಿನಂತಿದ್ದ ಮಾತ್ರಕ್ಕೆ ಒಳಗಿನ ವೇಗ 1540 ಆಗಿರಬೇಕಿಲ್ಲ. ತರಬೇತಿಯ ಬೊಂಬೆ ಬೇರೆ, ಪ್ರಮಾಣದ ಬಟ್ಟು ಬೇರೆ. ಹಾಗೆಯೇ ಅಸಲಿ ಫ್ಯಾಂಟಮ್ಮಿಗೂ ಒಂದು ಎಲ್ಲೆಯಿದೆ. ಯಂತ್ರ ತನ್ನ ನಂಬಿಕೆಯ ಪ್ರಕಾರ ಸರಿಯಾಗಿ ನಡೆಯುತ್ತಿದೆಯೇ ಎಂದಷ್ಟೇ ಅದು ಹೇಳಬಲ್ಲದು. ಎದುರು ಮಲಗಿದ ಸ್ಥೂಲ ದೇಹದ ಕೊಬ್ಬು ಆ ನಂಬಿಕೆಯನ್ನು ಎಷ್ಟು ಮುರಿಯುತ್ತದೆಂದು ಹೇಳಲಾರದು.

ಇತ್ತೀಚಿನ ಜೆಲ್ಲಿಗಳಿಗೆ ಇನ್ನೊಂದು ಗುಣವೂ ಬೇಕಾಗಿದೆ, ಗಡಸುತನ. ಗಂಟನ್ನು ಬೆರಳಿನಿಂದ ಒತ್ತಿ ನೋಡುವುದು ವೈದ್ಯರ ಹಳೆಯ ಕ್ರಮ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಜೊನಾಥನ್ ಓಫಿರ್ ಮತ್ತು ಸಂಗಡಿಗರು 1991ರಲ್ಲಿ ಆ ಒತ್ತುವ ಕೆಲಸವನ್ನೇ ಅಲ್ಟ್ರಾಸೌಂಡಿಗೆ ಕಲಿಸಿದರು. ಒತ್ತುವ ಮೊದಲಿನ ಮಾರ್ದನಿ, ಒತ್ತಿದ ಮೇಲಿನ ಮಾರ್ದನಿ ಎರಡನ್ನೂ ಹೋಲಿಸಿದರೆ ಎಲ್ಲಿ ಮೆತ್ತಗಿದೆ, ಎಲ್ಲಿ ಗಟ್ಟಿಯಿದೆ ಎಂದು ತಿಳಿಯುತ್ತದೆ. ಇದರ ಪರೀಕ್ಷೆಗೆ ಮೆತ್ತನೆಯ ಜೆಲ್ಲಿಯಲ್ಲಿ ಗಟ್ಟಿ ಉಂಡೆ ಹುದುಗಿಸಬೇಕು. ಅದೇ ಮ್ಯಾಡ್ಸನ್ ತಂಡ 2003ರಲ್ಲಿ ಜೆಲಾಟಿನ್ನಿನೊಳಗೆ ಎಣ್ಣೆಯ ಹನಿಗಳನ್ನು ಹಿಡಿದಿಟ್ಟು ಇದನ್ನು ಸಾಧಿಸಿತು. ಎಣ್ಣೆ ಹೆಚ್ಚಾದಷ್ಟೂ ಜೆಲ್ಲಿ ಮೆತ್ತಗೆ. ಯಾವ ಎಣ್ಣೆ ಎನ್ನುತ್ತೀರಿ? ಕುಸುಬೆ ಎಣ್ಣೆ ಅರ್ಧ, ಸೀಮೆಎಣ್ಣೆ ಅರ್ಧ! ಪಿ.ವಿ.ಎ. ಎಂಬ ಪಾಲಿಮರಿನ ದ್ರಾವಣವನ್ನು ಹೆಪ್ಪುಗಟ್ಟಿಸಿ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಒಂದೊಂದು ಸುತ್ತಿಗೂ ಅದು ಗಡುಸಾಗುತ್ತದೆ. ಅದರಿಂದ ಹೃದಯ, ರಕ್ತನಾಳಗಳ ಬೊಂಬೆ ಮಾಡುತ್ತಾರೆ.

ಬೇರೆ ಯಂತ್ರಗಳಿಗೆ ಬೇರೆ ಬೊಂಬೆ. ಸಿ.ಟಿ. ಸ್ಕ್ಯಾನರಿಗೆ ಬರೀ ನೀರೇ ಒಳ್ಳೆಯ ಫ್ಯಾಂಟಮ್, ಅದರ ಅಳತೆಪಟ್ಟಿಯಲ್ಲಿ ನೀರೇ ಸೊನ್ನೆ. ಎಂ.ಆರ್.ಐ. ಯಂತ್ರಕ್ಕೆ ನಿಕ್ಕೆಲ್ ಕ್ಲೋರೈಡ್ ಬೆರೆಸಿದ ಉಪ್ಪುನೀರು ಬೇಕು. ಸಿ.ಟಿ.ಯ ಮಾತು ಬಂದದ್ದರಿಂದ ಅಲನ್ ಕಾರ್ಮಾಕ್‌ನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. 1957ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಅವನು ತನ್ನ ಲೆಕ್ಕಾಚಾರವನ್ನು ಮೊದಲು ಪರೀಕ್ಷಿಸಿದ್ದು ಸುತ್ತ ಮರ, ನಡುವೆ ಅಲ್ಯುಮಿನಿಯಂ ಇದ್ದ ಒಂದು ಬಿಲ್ಲೆಯ ಮೇಲೆ. ಒಳಗೇನಿದೆಯೆಂದು ಅವನಿಗೆ ಗೊತ್ತೇ ಇತ್ತು. ಉತ್ತರ ಚೆನ್ನಾಗಿಯೇ ತಾಳೆಯಾಯಿತು. ನಟ್ಟನಡುವಿನ ಮೂರು ಬಿಂದುಗಳು ಮಾತ್ರ ಉಳಿದವುಗಳ ಗೆರೆಯಿಂದ ಕೊಂಚ ಓರೆಯಾಗಿದ್ದವು. ವರ್ಕ್‌ಶಾಪಿನಲ್ಲಿ ವಿಚಾರಿಸಿದಾಗ ಬಯಲಾಯಿತು, ಅಲ್ಯುಮಿನಿಯಂ ತುಂಡಿನ ನಡುವೆ ಕಿರಣವನ್ನು ತುಸು ಕಡಿಮೆ ಹೀರುವ ಬೇರೊಂದು ಗೂಟ ಇತ್ತು! ಪ್ರಶ್ನೆಪತ್ರಿಕೆ ತೆಗೆದವನಿಗೇ ಗೊತ್ತಿಲ್ಲದ ಉತ್ತರವನ್ನು ವಿದ್ಯಾರ್ಥಿ ಬರೆದಿದ್ದ. 1979ರಲ್ಲಿ ಕಾರ್ಮಾಕ್‌ಗೆ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಜತೆಯಲ್ಲಿ ನೊಬೆಲ್ ಬಂತು.

ಹಾಗಾದರೆ ಜೆಲ್ಲಿಯೊಳಗೂ ಗೊತ್ತಿಲ್ಲದ ಗೂಟ ಇರಬಹುದಲ್ಲ, ಅದನ್ನು ಪರೀಕ್ಷಿಸುವವರು ಯಾರು? ಅದಕ್ಕೂ ವ್ಯವಸ್ಥೆಯಿದೆ. ದೊಡ್ಡ ಅಚ್ಚಿಗೆ ಹೊಯ್ಯುವಾಗಲೇ ಅದೇ ಪಾತ್ರೆಯಿಂದ ಒಂದೆರಡು ಚಿಕ್ಕ ಬಿಲ್ಲೆಗಳನ್ನೂ ಹೊಯ್ದಿಡುತ್ತಾರೆ. ಬಿಲ್ಲೆಯನ್ನು ನೀರಿನ ತೊಟ್ಟಿಯಲ್ಲಿಳಿಸಿ, ಅದರ ಮೂಲಕ ಧ್ವನಿ ಹಾಯಲು ಎಷ್ಟು ಹೊತ್ತಾಯಿತು, ಬಿಲ್ಲೆ ತೆಗೆದಾಗ ಬರೀ ನೀರಿನಲ್ಲಿ ಎಷ್ಟು ಹೊತ್ತು ಎಂದು ನೋಡುತ್ತಾರೆ. ನೀರಿನ ವೇಗ ಪ್ರತಿ ಉಷ್ಣತೆಗೂ ಖಚಿತವಾಗಿ ಗೊತ್ತಿದೆ, ದಪ್ಪ ಅಳೆದಿದೆ, ಉಳಿದದ್ದು ಭಾಗಾಕಾರ. ಈ ಅಳತೆಯನ್ನು ಎಷ್ಟು ಡಿಗ್ರಿಯಲ್ಲಿ ಮಾಡಿದ್ದೆಂದು ಫ್ಯಾಂಟಮ್ಮಿನ ಚೀಟಿಯಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ 22 ಡಿಗ್ರಿ. ಜೆಲ್ಲಿ ಬಿಸಿಯಾದರೆ ವೇಗ ಡಿಗ್ರಿಗೆ ಒಂದೆರಡು ಮೀಟರಿನಷ್ಟು ಏರುತ್ತದೆ. ಫ್ಯಾನು ಮಾತ್ರ ಇರುವ ಕೋಣೆಯಲ್ಲಿ ಬೇಸಿಗೆಯ ಮಧ್ಯಾಹ್ನ ಪರೀಕ್ಷೆ ಮಾಡಿ ಯಂತ್ರವನ್ನು ದೂರಬಾರದು.

ಚೀಟಿಯಲ್ಲಿ ಇನ್ನೊಂದು ಅಂಕಿಯೂ ಇರುತ್ತದೆ, ಹೊಸದಿದ್ದಾಗಿನ ತೂಕ. ಜೆಲ್ಲಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ. ಡಬ್ಬಿ ಎಷ್ಟು ಬಿಗಿಯಾಗಿದ್ದರೂ, ಪ್ರೋಬ್ ಒತ್ತುವ ತೆಳುವಾದ ಪೊರೆಯ ಮೂಲಕ ಅದು ವರ್ಷದಿಂದ ವರ್ಷಕ್ಕೆ ಹೊರಟುಹೋಗುತ್ತಿರುತ್ತದೆ. ನೀರು ಹೋದರೆ ಪಾಕದ ಅಳತೆ ಬದಲಾಗುತ್ತದೆ, ವೇಗವೂ ಬದಲಾಗುತ್ತದೆ, ಜೆಲ್ಲಿ ಕುಗ್ಗಿ ಒಳಗಿನ ಎಳೆಗಳೂ ಜಾಗ ಬಿಡುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ಆಗಾಗ ಅದನ್ನು ತಕ್ಕಡಿಯ ಮೇಲಿಟ್ಟು, ಬಂದ ತೂಕವನ್ನು ಚೀಟಿಯ ತೂಕದೊಂದಿಗೆ ಹೋಲಿಸಿ ಬರೆದಿಡಬೇಕು. ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಇಳಿದಿದ್ದರೆ ತಯಾರಿಸಿದವರಿಗೆ ವಾಪಸು ಕಳಿಸಬೇಕು, ಇಲ್ಲವೆ ಅದನ್ನು ಬಿಸಾಡಿ ಹೊಸದನ್ನು ಹೊಯ್ಯಬೇಕು.